ಅಕ್ಕ ಕಟ್ಟುತ್ತಿದ್ದ ಹಾಡು

ಅಕ್ಕನೂ ನಾನೂ ಸೇರಿ ಹೊಲಿಗೆ ಅಂಗಡಿ ನಡೆಸುತ್ತಿದ್ದೆವು. ಬಂದ ಗಿರಾಕಿಗಳ ಮೇಲೆಲ್ಲ ತಮಾಷೆಯ ಹಾಡು ಕಟ್ಟಿ ಗುನುಗುವುದು ಅವಳ ಚಾಳಿ. ಅವಳು ತೀರಿಕೊಂಡ ಮೇಲೆ ಅಂಗಡಿಗೇ ಬಾಯಿ ಕಟ್ಟಿದಂತಾಗಿತ್ತು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಬಟ್ಟೆ ಹಾಕಿ ನೋಡುವ ಕೋಣೆಯ ಪರದೆ ಹಿಂದೆ ಅವಳ ದನಿ ಕೇಳಿಸಿತು. "ಎಡತೋಳು ಉದ್ದ, ಬಲತೋಳು ಗಿಡ್ಡ, ನಡುವೆ ನಿಂತಳು ನರ್ಸಮ್ಮ" ಎಂದು ಹಾಡುತ್ತಿದ್ದಳು. ಆ ನರ್ಸಮ್ಮ ಕೋಟಿನ ತೋಳು ಸರಿಮಾಡಿಸಲು ನಮ್ಮಲ್ಲಿಗೆ ಮೊದಲ ಸಲ ಬಂದಿದ್ದೇ ಅವತ್ತು ಬೆಳಿಗ್ಗೆ.

"ಅಕ್ಕಾ" ಎಂದೆ. ಹಾಡು ನಿಂತಿತು. ಆ ಸೆಕೆಯಲ್ಲೂ ಪರದೆ ಒದ್ದೆ ಬಟ್ಟೆಯಂತೆ ತಣ್ಣಗಿತ್ತು. ಒಳಗೆ ಯಾರೂ ಇರಲಿಲ್ಲ.

ಸಂಜೆ ಕೋಟು ಹಾಕಿ ನೋಡಲು ಒಳಹೋದ ನರ್ಸಮ್ಮ ನಗುತ್ತಾ ಹೊರಬಂದರು.

"ನಿಮ್ಮೋರು ನನ್ನ ಮೇಲೇ ಹಾಡು ಕಟ್ಬಿಟ್ಟಿದ್ದಾರಲ್ರೀ!"

"ಪೂರ್ತಿ ಹಾಡಿದ್ರಾ?"

"ಹೂಂ, ಕೊನೇತನಕ. ಯಾಕೆ, ನಿಮಗೆ ಕೇಳಿಸ್ಲಿಲ್ವಾ?"

ನನಗೆ ಹೆದರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ಅವರು ಹೋದ ಮೇಲೆ ನಾನೇ ಒಳಗೆ ಹೋಗಿ, ಪರದೆ ಎಳೆದುಕೊಂಡು, ಉಸಿರು ಬಿಗಿಹಿಡಿದು ನಿಂತೆ. ಅಲ್ಲಿ ಏನೂ ಕೇಳಿಸಲಿಲ್ಲ. ಆದರೆ ಹೊರಗೆ, ಖಾಲಿ ಅಂಗಡಿಯಲ್ಲಿ, ಅಕ್ಕನ ಹೊಲಿಗೆ ಯಂತ್ರ ಟಕಟಕ ಓಡತೊಡಗಿತು. ಇಣುಕಿದರೆ ಎಲ್ಲಿ ಅದೂ ನಿಂತುಹೋಗುತ್ತದೋ ಎಂದು ನಾನು ಪರದೆ ಸರಿಸಲಿಲ್ಲ.

ಆ ಯಂತ್ರದ ಬೆಲ್ಟನ್ನು ಅವಳು ತೀರಿಕೊಂಡಾಗಲೇ ನಾನು ಬಿಚ್ಚಿ ಎತ್ತಿಟ್ಟಿದ್ದೆ.