ಗೋಡೆಯ ಮೂಲೆಗೆ ಬಿದ್ದ ಕೆಂಪು ಚುಕ್ಕಿ

ನಂಬಿದರೆ ನಂಬಿ. ಊರವರೇ ನಡೆಸುವ ನಮ್ಮ ಹಳೆಯ ಚಿತ್ರಶಾಲೆಯ ರಿಪೇರಿಗೆ ದುಡ್ಡು ಕೂಡಿಸಲು ಚಿತ್ರಗಳನ್ನು ಮಾರಾಟಕ್ಕಿಟ್ಟಿದ್ದೆವು. ಮಾರಾಟವಾದ ಚಿತ್ರದ ಪಕ್ಕ ಕೆಂಪು ಚುಕ್ಕಿ ಅಂಟಿಸುವುದು ನನ್ನ ಕೆಲಸ. ಮಟಮಟ ಮಧ್ಯಾಹ್ನ ನೋಡುತ್ತೇನೆ, ಮೂಲೆಯ ಬರಿಗೋಡೆಯಲ್ಲಿ ನೀರಿಳಿದು ಮೂಡಿದ್ದ ಆಳೆತ್ತರದ ಕರೆಯ ಪಕ್ಕವೂ ಒಂದು ಚುಕ್ಕಿ! ಕಿತ್ತೆ, ಬೆರಳಿಗೆ ಬೆಚ್ಚಗೆ ತಾಗಿತು. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಅಲ್ಲೇ ಇತ್ತು.

"ಯಾರಕ್ಕಾ ಈ ತಮಾಷೆ ಮಾಡಿದ್ದು?" ರಸೀದಿ ಬರೆಯುತ್ತಿದ್ದ ಅಕ್ಕನನ್ನು ಕೇಳಿದೆ.

"ತಮಾಷೆ ಏನ್ ಬಂತು? ದುಡ್ಡು ಕೊಟ್ಟಾಯ್ತು, ನಾಳೆ ತಗೊಂಡು ಹೋಗ್ತಾರಂತೆ. ಮುಖ ನೋಡ್ಲಿಲ್ಲ ಕಣೋ, ನೋಟೆಲ್ಲ ಬೆಚ್ಚಗಿದ್ವು."

ರಾತ್ರಿಯಿಡೀ ಮಗ್ಗುಲು ಬದಲಿಸಿದೆ. ಬೆಳಿಗ್ಗೆ ಬೀಗ ತೆಗೆದದ್ದು ನಾನೇ. ವರ್ಷಗಳಿಂದ ಒಣಗದಿದ್ದ ಗೋಡೆ ಒಣಗಿ ನಿಂತಿತ್ತು, ಕರೆ ಇರಲಿಲ್ಲ. ಅದಿದ್ದ ಜಾಗದ ನೆತ್ತಿಯಲ್ಲಿ, ನಮ್ಮಲ್ಲಿ ಯಾರೂ ಹೊಡೆಯದ ಒಂದು ಮೊಳೆ ಇತ್ತು. ಮುಟ್ಟಿ ನೋಡಿದೆ. ಅದೂ ಬೆಚ್ಚಗಿತ್ತು.