ಅಪ್ಪನ ಲಾಡಾ ಮತ್ತೆ ಉಸಿರಾಡಿದ ದಿನ

“ಮುಟ್ಟಬೇಡ! ನನ್ನಪ್ಪನ ಕಾರನ್ನ ಆ ಕೈಯಿಂದ ಮುಟ್ಟಬೇಡ!”

ರಬಾಬಳ ಆ ಒಂದು ಕೂಗಿಗೆ ನೆಲಮಾಳಿಗೆಯ ಗ್ಯಾರೇಜಿನ ಕಂಬಗಳೆಲ್ಲ ನಡುಗಿದವು. ಹೊರಗೆ ಚಳಿಗಾಲದ ಮೊದಲ ಬಿರುಗಾಳಿಗೆ ಬೊಬ್ಬಿಡುತ್ತಿದ್ದ ಅಲೆಕ್ಸಾಂಡ್ರಿಯಾದ ಕಡಲು ಕೂಡ ಒಂದು ಕ್ಷಣ ಬಾಯಿ ಮುಚ್ಚಿಕೊಂಡಿತು. ಸುಳ್ಳು ಎನ್ನುವವರು ಎನ್ನಲಿ. ಆ ಗ್ಯಾರೇಜನ್ನು ಕಾಯುವ ಹಮೂದಾ ನಾನೇ. ಅಲ್ಲೇ ನಿಂತಿದ್ದೆ.

ಅವಳ ಎದುರಿಗೆ ಸಬ್ರಿ.

ಹೆಗಲ ಮೇಲೊಂದು ಬ್ಯಾಟರಿ. ತಲೆಯಿಂದ ಕಾಲಿನವರೆಗೆ ಮಳೆನೀರು. ಸೊರಗಿ ಎಷ್ಟು ತೆಳ್ಳಗಾಗಿದ್ದನೆಂದರೆ, ಆ ಬ್ಯಾಟರಿಯ ಭಾರ ಇಲ್ಲದಿದ್ದರೆ ಗಾಳಿ ಅವನನ್ನು ಎತ್ತಿಕೊಂಡು ಹೋಗಿ ಸೈಪ್ರಸ್ಸಿನಲ್ಲಿ ಇಳಿಸುತ್ತಿತ್ತು!

ರಬಾಬ್ ಕಾರಿಗೆ ಅಡ್ಡವಾಗಿ ನಿಂತಳು. ‘ಇವನು ಯಾಕೆ ಬಂದ? ಇಷ್ಟು ತಿಂಗಳು ಮುಖ ತೋರಿಸದವನು ಇವತ್ತೇ ಯಾಕೆ...’

“ಯಾರು ಕರೆದ್ರು ನಿನ್ನ?”

“ಹಮೂದಾ ಮಾಮ.”

ಅವಳು ನನ್ನತ್ತ ತಿರುಗಿ ನೋಡಿದಳು. ಆ ನೋಟಕ್ಕೆ ಬಂದರಿನ ಹಡಗೊಂದು ಸುಟ್ಟು ಬೂದಿಯಾಗಬೇಕಿತ್ತು. ನಾನಾಗಿದ್ದಕ್ಕೆ ಬದುಕಿಕೊಂಡೆ.

“ಮತ್ತೇನಮ್ಮ ಮಾಡ್ಲಿ?” ಎಂದೆ. “ಬೆಳಗ್ಗೆಯಿಂದ ಆ ಚಕ್ರಕ್ಕೆ ಒದೀತಾ ಇದ್ದೀಯ. ಚಕ್ರ ಅಲುಗಲಿಲ್ಲ, ನಿನ್ನ ಚಪ್ಪಲಿ ಕಿತ್ತುಹೋಯ್ತು. ಈ ಕಾರಿನ ನಾಡಿ ಗೊತ್ತಿರೋನು ಇವನೊಬ್ಬನೇ. ನಿನ್ನ ಕೋಪ ದೊಡ್ಡದೋ, ನಿನ್ನಪ್ಪನ ಕಾರು ದೊಡ್ಡದೋ, ನೀನೇ ಹೇಳು.”

ಅವಳು ತುಟಿ ಕಚ್ಚಿಕೊಂಡಳು.

ರಬಾಬಳ ಅಪ್ಪ, ಎಲ್ಲರೂ ಗೌರವದಿಂದ ಉಸ್ತಾ ಎನ್ನುತ್ತಿದ್ದ ಅತಿಯಾ, ಈ ಕಪ್ಪು-ಹಳದಿ ಲಾಡಾ ಟ್ಯಾಕ್ಸಿಯನ್ನು ಜೀವಮಾನವೆಲ್ಲ ಓಡಿಸಿದವನು. ನಮ್ಮ ಊರಿನ ಅರ್ಧ ಮದುಮಕ್ಕಳು ಆ ಸೀಟಿನ ಮೇಲೆ ಕೂತೇ ಮದುವೆಗೆ ಹೋಗಿದ್ದಾರೆ, ಉಳಿದರ್ಧ ಜನ ಅದರಲ್ಲೇ ಹುಟ್ಟಿದ್ದಾರೆ. ಹಗಲು ಅತಿಯಾನ ಪಾಳಿ, ಸಂಜೆಯಿಂದ ಸಬ್ರಿಯ ಪಾಳಿ. ಕಾರಿನ ಬೀಗದ ಕೈ ಕೊಟ್ಟ ಮುದುಕ ಮಗಳ ಕೈಯನ್ನೂ ಅವನಿಗೇ ಕೊಡುವುದೆಂದು ಫಾತಿಹಾ ಓದಿ ನಿಶ್ಚಯ ಮಾಡಿದ್ದ.

ಆಮೇಲೆ ವಸಂತದ ಒಂದು ರಾತ್ರಿ, ಇಶಾ ನಮಾಜಿನ ಹೊತ್ತಿಗೆ, ಅತಿಯಾನ ಎದೆ ಹಿಡಿದುಕೊಂಡಿತು. ರಬಾಬ್ ಸಬ್ರಿಗೆ ಕರೆ ಮಾಡಿದಳು. ಅತ್ತ ರಿಂಗಾಯಿತು, ಅಷ್ಟರಲ್ಲೇ ಫೋನಿನ ಚಾರ್ಜು ಮುಗಿದು ಪರದೆ ಕಪ್ಪಾಯಿತು. ಕರೆ ತಲುಪಿದೆಯಲ್ಲ, ನೋಡುತ್ತಾನೆ, ಹಾರಿ ಬರುತ್ತಾನೆ ಎಂದು ಬೀದಿಯಲ್ಲಿ ನಿಂತು ಕಾದಳು.

ಅವನು ಬರಲಿಲ್ಲ. ಬೇರೆ ಗಾಡಿ ಸಿಗುವ ಹೊತ್ತಿಗೆ ಅತಿಯಾ ಇರಲಿಲ್ಲ.

ಸಂತಾಪಕ್ಕೆ ಬಂದ ಸಬ್ರಿಗೆ ಅವಳು ಇಡೀ ಬೀದಿ ಕೇಳುವಂತೆ ಹೇಳಿದ್ದಳು. “ಕರೆ ಮಾಡಿದ್ದೆ. ನೀನು ಬರಲಿಲ್ಲ. ನನ್ನಪ್ಪನ್ನ ಕೊಂದಿದ್ದು ನೀನು!”

ಸಬ್ರಿ ಬಾಯಿ ತೆರೆದ... ಮತ್ತೆ ಮುಚ್ಚಿಕೊಂಡ. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಅವತ್ತೇ ರಬಾಬ್ ಕಾರನ್ನು ಇಲ್ಲಿ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಕಿತ್ತುಬರುವಷ್ಟು ಜೋರಾಗಿ ಎಳೆದು ಹೋದಳು. ನಮ್ಮ ಗ್ಯಾರೇಜಿನಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ! ಡಬ್ಬಿಯಲ್ಲಿ ಮೀನು ಜೋಡಿಸಿದ ಹಾಗೆ ಕಾರು ಜೋಡಿಸುವ ಜಾಗ ಇದು. ಒಂದನ್ನು ಹೊರಗೆ ತೆಗೆಯಬೇಕಾದರೆ ಇನ್ನೊಂದನ್ನು ಕೈಯಿಂದ ನೂಕಬೇಕು. ಬ್ರೇಕು ಹಾಕಿಟ್ಟರೆ ಯಾರೂ ನೂಕುವಂತಿಲ್ಲ. ಅವಳಿಗೆ ಬೇಕಾಗಿದ್ದುದೂ ಅದೇ... ಯಾರೂ ಮುಟ್ಟಬಾರದು.

ಬೇಸಿಗೆ ಹೋಯಿತು. ಕಡಲಿನ ಉಪ್ಪುಗಾಳಿ ಒಳಗೆ ಬಂದು ಕೂತಿತು. ಬ್ರೇಕು ತುಕ್ಕು ಹಿಡಿದು ಚಕ್ರಕ್ಕೆ ಅಂಟಿಕೊಂಡಿತು. ಹೊದಿಸಿದ ಬಟ್ಟೆಯ ಮೇಲೆ ಕೂತ ಧೂಳಿನಲ್ಲಿ ಗೋಧಿ ಬಿತ್ತಿದ್ದರೆ ಬೆಳೆಯುತ್ತಿತ್ತು.

ಮತ್ತೆ ನಿನ್ನೆ ಚಿಕ್ಕಪ್ಪ ಫರ್ಗಲಿ ಬಂದ. ಮೀನುಪೇಟೆಯಲ್ಲಿ ಹರಾಜು ಕೂಗುವವನು. ಅವನು ಮೆಲ್ಲಗೆ ಮಾತಾಡಿದರೂ ಸತ್ತ ಮೀನು ಬಾಲ ಅಲ್ಲಾಡಿಸುತ್ತದೆ. ಅಣ್ಣನಿಗೆ ಗಂಡುಮಕ್ಕಳಿಲ್ಲದ ಕಾರಣ ಕಾರಿನಲ್ಲಿ ಅವನಿಗೂ ಪಾಲಿತ್ತು.

“ಗುಜರಿಯವನನ್ನ ಗೊತ್ತುಮಾಡಿದ್ದೀನಿ. ನಾಳೆ ಲಾರಿ ಬರುತ್ತೆ.”

“ಮಾರಬೇಡಿ ಚಿಕ್ಕಪ್ಪ. ನಾನು ಓಡಿಸ್ತೀನಿ. ಅಮ್ಮನ್ನ ನಾನೇ ಸಾಕ್ತೀನಿ.”

“ಏನನ್ನ ಓಡಿಸ್ತೀಯ? ಅದು ಕಾರಲ್ಲ ಕಣೇ, ಹೆಣ!” ಅವನು ನಕ್ಕ. ಆದರೆ ಅವಳ ಕಣ್ಣು ನೋಡಿ ಸ್ವಲ್ಪ ಮೆತ್ತಗಾದ. “ಸರಿ. ನಾಳೆ ಇಳಿಹೊತ್ತಿನ ಅಸರ್ ಬಾಂಗ್ ಕೂಗೋದರೊಳಗೆ ಅದು ತನ್ನ ಎಂಜಿನ್ ಮೇಲೇ ಈ ಇಳಿಜಾರು ಹತ್ತಿ ಹೊರಗೆ ಬಂದ್ರೆ ನಿಂದು. ಬರಲಿಲ್ಲಾಂದ್ರೆ ಲಾರಿಗೆ. ಆಮೇಲೆ ಅಳಬಾರದು.”

ಆ ‘ನಾಳೆ’ ಇವತ್ತು.

“ಸರಿ... ಮಾಡು,” ಎಂದಳು ರಬಾಬ್, ಸಬ್ರಿಯ ಮುಖ ನೋಡದೆ. “ಕೆಲಸ ಮಾಡು. ಮಾತಾಡಬೇಡ.”

“ಆಗಲಿ.”

ಸಬ್ರಿ ಬಾನೆಟ್ ಎತ್ತಿದ. ಒಳಗಿನಿಂದ ಬೆಕ್ಕೊಂದು ಹಾರಿತು. ಅದರ ಹಿಂದೆ ಅದರ ಮಕ್ಕಳು, ಮರಿಮಕ್ಕಳು, ಬೀಗರು ನೆಂಟರು... ಒಂದು ಮದುವೆ ದಿಬ್ಬಣವೇ ಹೊರಟಿತು! ಟ್ಯಾಂಕಿನ ಪೆಟ್ರೋಲು ಹಳಸಿ ಹುಳಿ ವಾಸನೆ ಬೀರುತ್ತಿತ್ತು. ಅವನು ಅದನ್ನೆಲ್ಲ ಬಸಿದು ಹೊಸದು ಸುರಿದ. ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದ. ಆ ತೂತುಗಳೊಳಗೆ ಒಂದಿಷ್ಟು ಎಣ್ಣೆ ಬಿಟ್ಟು, ಮಗುವಿನ ಮೈ ನೀವುವ ಹಾಗೆ ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದ. ಆಮೇಲೆ ನೆಲದ ಮೇಲೆ ಮಲಗಿ, ಅಂಟಿಕೊಂಡ ಬ್ರೇಕಿಗೆ ಸುತ್ತಿಗೆಯಿಂದ ಒಂದೇ ಸಮನೆ ತಟ್ಟತೊಡಗಿದ.

ಟಣ್... ಟಣ್... ಟಣ್...

ರಬಾಬಳಿಗೆ ಒಂದೊಂದು ಪೆಟ್ಟೂ ತನ್ನ ಎದೆಯ ಮೇಲೇ ಬಿದ್ದಂತಾಗುತ್ತಿತ್ತು. ‘ಇಷ್ಟು ಕಾಳಜಿ ಇರೋನು ಆವತ್ತು ಯಾಕೆ ಬರಲಿಲ್ಲ?’ ಕೇಳಬೇಕೆನಿಸಿತು. ನಿಮಗೆ ಅವಳ ಮನಸ್ಸು ಹೇಗೆ ಗೊತ್ತು ಎನ್ನಬೇಡಿ. ಈ ಬೀದಿಯ ಮನಸ್ಸುಗಳೆಲ್ಲ ನನ್ನ ಗ್ಯಾರೇಜಿನಲ್ಲೇ ನಿಂತಿರುತ್ತವೆ.

ಅಷ್ಟರಲ್ಲಿ ರಬಾಬಳ ಅಮ್ಮ ಬದರಿಯಾ, ಕಪ್ಪು ಉಡುಪಿನ ಮೇಲೆ ಶಾಲು ಹೊದ್ದು, ಚಹಾ ಮತ್ತು ಬೇಯಿಸಿದ ಫೂಲ್ ಕಾಳು ತುಂಬಿದ ರೊಟ್ಟಿ ಹಿಡಿದು ಇಳಿದು ಬಂದಳು. ಕಾರಿನಡಿಯಿಂದ ಚಾಚಿದ ಕಾಲುಗಳನ್ನು ನೋಡಿಯೇ ಗುರುತು ಹಿಡಿದಳು.

“ಸಬ್ರಿ?! ನನ್ನ ಮಗನೇ... ಇಷ್ಟು ಸೊರಗಿದ್ದೀಯಲ್ಲೋ!”

ಸಬ್ರಿ ಎದ್ದು ಕೂತ. ಅವಳು ಅವನ ಒದ್ದೆ ತಲೆಯ ಮೇಲೆ ಕೈಯಿಟ್ಟು ಅತ್ತಳು. ರಬಾಬ್ ಚಹಾದ ಲೋಟ ತೆಗೆದುಕೊಂಡು ಅತ್ತ ತಿರುಗಿ ನಿಂತಳು.

“ಅವರಿಗೆ ನಿನ್ನದೇ ಯೋಚನೆ ಕಣೋ,” ಬದರಿಯಾ ಕಣ್ಣೊರೆಸಿಕೊಂಡಳು. “ಸ್ವಂತ ಫೋನು ಇಟ್ಕೊಂಡವರೇ ಅಲ್ಲ. ಕುತ್ತಿಗೆಗೆ ಗಂಟೆ ಕಟ್ಟಿಸ್ಕೊಳ್ಳೋಕೆ ನಾನೇನು ಆಡಾ ಅಂತಿದ್ರು. ಆದ್ರೂ ದಿನಾ ರಾತ್ರಿ ಇಶಾ ನಮಾಜು ಮುಗಿಸಿ, ಇವಳು ಪಾತ್ರೆ ತೊಳೀತಾ ಇರೋವಾಗ ಇವಳ ಫೋನು ತಗೊಂಡು ನಿಂಗೆ ಒಂದೇ ಒಂದು ರಿಂಗು ಕೊಟ್ಟು ಕಟ್ ಮಾಡೋರು. ‘ಮನೇಲಿ ಎಲ್ಲ ಕ್ಷೇಮ, ಕಾರು ಬೆಳಗ್ಗೆವರೆಗೂ ನಿಂದು ಅಂತ ಹುಡುಗನಿಗೆ ಗೊತ್ತಾಗುತ್ತೆ’ ಅನ್ನೋರು. ಎತ್ತಿದ್ರೆ ದುಡ್ಡು ದಂಡ ಅಂತ ನಗೋರು...”

“ಅಮ್ಮ, ಸಾಕು!” ಎಂದ ಸಬ್ರಿ, ಥಟ್ಟನೆ.

ಆದರೆ ತಡವಾಗಿತ್ತು.

ರಬಾಬಳ ಕೈಯಲ್ಲಿನ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು. ‘ಒಂದೇ ಒಂದು ರಿಂಗು... ಎಲ್ಲ ಕ್ಷೇಮ...’

“ಸಬ್ರಿ,” ಅವಳ ದನಿ ಬಾವಿಯ ತಳದಿಂದ ಬಂದಂತಿತ್ತು. “ಆವತ್ತು ರಾತ್ರಿ... ನನ್ನ ಕರೆ ನಿನ್ನ ಫೋನಲ್ಲಿ ಎಷ್ಟು ಸಲ ರಿಂಗಾಯ್ತು?”

“ಈ ಪ್ಲಗ್ಗು ಇನ್ನೂ ಒಣಗಿಲ್ಲ. ಹಮೂದಾ ಮಾಮ, ಒಂದು ಬಟ್ಟೆ...”

“ಸಬ್ರಿ! ಎಷ್ಟು ಸಲ?”

ಅವನು ತಲೆ ತಗ್ಗಿಸಿದ. “...ಒಂದು ಸಲ.”

ಲೋಟ ಬಿತ್ತು. ಬದರಿಯಾ ಬಾಯಿಗೆ ಕೈ ಅಡ್ಡ ಹಿಡಿದು ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕುಸಿದು ಕೂತಳು.

“ಕ್ಷೇಮ ಅಂದ್ಕೊಂಡೆ ನೀನು,” ರಬಾಬ್ ಪಿಸುಗುಟ್ಟಿದಳು. “ಅಪ್ಪ ಒದ್ದಾಡ್ತಾ ಇದ್ದಾಗ... ಎಲ್ಲ ಕ್ಷೇಮ ಅಂತ ನಿಂಗೆ ಹೇಳಿದ್ದು ನಾನು!”

“ಫೋನು ಸತ್ತಿದ್ದು ನಿನ್ನ ತಪ್ಪಲ್ಲ ರಬಾಬ್.”

“ನಿಂಗೆ ಯಾವಾಗ ಗೊತ್ತಾಯ್ತು?”

“ನೀನು ಎಲ್ಲರೆದುರು ಕರೆ ಮಾಡಿದ್ದೆ ಅಂದೆಯಲ್ಲ... ಆವಾಗಲೇ.”

“ಆವಾಗಲೇ? ಗೊತ್ತಿದ್ದೂ ಸುಮ್ಮನಿದ್ದೆಯಾ? ಬೀದಿಯೆಲ್ಲ ನಿನ್ನ ಕೊಲೆಗಾರ ಅನ್ನೋವಾಗಲೂ? ಯಾಕೋ... ಯಾಕೆ ಹೇಳಲಿಲ್ಲ?”

“ಹೇಳಿದ್ದಿದ್ರೆ ನೀನು ನನ್ನ ಬಿಟ್ಟು ನಿನ್ನನ್ನೇ ದ್ವೇಷಿಸ್ತಿದ್ದೆ.” ಸಬ್ರಿ ಗ್ರೀಸು ಹತ್ತಿದ ಕೈಗಳನ್ನೇ ನೋಡುತ್ತಿದ್ದ. “ನಂಗೆ ಪರವಾಗಿಲ್ಲ ಅನ್ನಿಸ್ತು. ಬೈಯೋಕಾದ್ರೂ ನನ್ನ ಹೆಸರು ಹೇಳ್ತಾ ಇದ್ದೆಯಲ್ಲ...”

ನಾನು ಬಿರುಗಾಳಿಗಳನ್ನು ನೋಡಿದವನು, ಕಡಲು ಬೀದಿಗೆ ಬಂದದ್ದನ್ನು ನೋಡಿದವನು. ಆದರೆ ಆ ಹುಡುಗಿ ಅತ್ತ ಅಳುವನ್ನು ನೋಡಲಾಗದೆ ಗೋಡೆಯ ಕಡೆ ತಿರುಗಿಕೊಂಡೆ. ಇಲ್ಲಿ ಮಾತ್ರ ಒಂದು ಮಾತನ್ನೂ ಹೆಚ್ಚು ಹೇಳುತ್ತಿಲ್ಲ.

ಮೇಲಿನಿಂದ ಲಾರಿಯ ಹಾರನ್ ಕೇಳಿಸಿತು. ಹಿಂದೆಯೇ ಫರ್ಗಲಿಯ ಗಂಟಲು. “ರಬಾಬ್! ಲಾರಿ ಬಂತು! ಹೆಣ ಎದ್ದಿತಾ, ಇಲ್ಲ ಹೊತ್ಕೊಂಡು ಹೋಗೋಣ್ವಾ?”

“ಒಯ್ಯಲಿ,” ಎಂದಳು ರಬಾಬ್. “ಗುಜರಿಗೇ ಹೋಗಲಿ. ಆ ಸೀಟಲ್ಲಿ ಕೂರೋ ಯೋಗ್ಯತೆ ನಂಗಿಲ್ಲ.”

“ಬಾಯ್ಮುಚ್ಚು!” ಬದರಿಯಾ ಎದ್ದು ನಿಂತಳು. ಯಾವತ್ತೂ ದನಿಯೆತ್ತದ ಹೆಂಗಸು! “ನಿನ್ನಪ್ಪ ಆವತ್ತು ಮಧ್ಯಾಹ್ನದಿಂದ ಎದೆನೋವು ಮುಚ್ಚಿಟ್ಟಿದ್ರು. ಬೆವರ್ತಾ ಇದ್ದದ್ದು ನೋಡಿಯೂ ಸೆಖೆ ಅಂತ ನಾನು ಸುಮ್ಮನಾದೆ. ನಾನೂ ಗುಜರಿಗೆ ಹೋಗ್ಲಾ? ಅಂ? ಕಾರು ಹತ್ತು!”

ರಬಾಬ್ ಸಬ್ರಿಯತ್ತ ನೋಡಿದಳು, ತಿಂಗಳುಗಳ ನಂತರ ಮೊದಲ ಸಲ, ನೇರವಾಗಿ.

“ನೀನು ಬಂದಿದ್ರೆ... ಅಪ್ಪ ಉಳೀತಿದ್ರಾ?”

ಸುಳ್ಳು ಹೇಳಿದ್ದರೆ ಅವಳಿಗೆ ತಂಪಾಗುತ್ತಿತ್ತು. ಅವನು ಹೇಳಲಿಲ್ಲ.

“ಗೊತ್ತಿಲ್ಲ ರಬಾಬ್. ದಿನಾ ಕೇಳ್ಕೊಳ್ತೀನಿ. ಗೊತ್ತಿಲ್ಲ.”

ಅವಳು ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡು ಕಾರು ಹತ್ತಿದಳು. ಕೀಲಿ ತಿರುಗಿಸಿದಳು.

ಎಂಜಿನ್ ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದಳು, ಮತ್ತೆ ಕೆಮ್ಮಿತು. ಸಬ್ರಿ ಎಲ್ಲಿಂದಲೋ ಎರವಲು ತಂದಿದ್ದ ಬ್ಯಾಟರಿ ನರಳಿ ನರಳಿ, ಕೊನೆಗೆ ಟಿಕ್ ಎಂದು ಸುಮ್ಮನಾಯಿತು.

“ಮುಗೀತು,” ಎಂದಳು ಅವಳು.

“ಮುಗಿದಿಲ್ಲ. ಗೇರು ತೆಗಿ. ಚೋಕು ಎಳಿ.” ಸಬ್ರಿ ಡಿಕ್ಕಿಯಿಂದ ಉದ್ದನೆಯ ಕಬ್ಬಿಣದ ಹಿಡಿಕೆ ತೆಗೆದು, ಕಾರಿನ ಮೂತಿಯ ತೂತಿನೊಳಗೆ ತೂರಿಸಿದ. ಹಳೇ ಲಾಡಾ ಕೈಯಿಂದ ತಿರುಗಿಸಿದರೂ ಏಳುತ್ತದೆ, ತಿರುಗಿಸುವವನ ಭುಜ ಉಳಿದರೆ.

ಒಮ್ಮೆ ತಿರುಗಿಸಿದ. ಹಿಡಿಕೆ ಹಿಂದಕ್ಕೆ ಒದ್ದು ಅವನನ್ನು ನೆಲಕ್ಕೆ ಕೆಡವಿತು.

“ಸಬ್ರಿ!”

“ಏನಾಗಿಲ್ಲ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀಬೇಡ!”

ಮತ್ತೆ ತಿರುಗಿಸಿದ. ಮತ್ತೆ. ಅಂಗೈ ಒಡೆದು ರಕ್ತ ಬಂತು. ರಬಾಬ್ ಸ್ಟೇರಿಂಗಿಗೆ ಹಣೆ ಒತ್ತಿದಳು. ‘ಏಳು... ಅವನಿಗೋಸ್ಕರವಾದ್ರೂ ಏಳು...’

ಕೆಮ್ಮು. ಕಪ್ಪು ಹೊಗೆ. ಆಮೇಲೆ ಒಂದು ಗುಡುಗು! ಆ ಸದ್ದಿಗೆ ಊರಿನ ಪಾರಿವಾಳಗಳೆಲ್ಲ ಹಾರಿ ಆಕಾಶ ಮುಚ್ಚಿದವು ಎಂದು ಆಮೇಲೆ ನಾನೇ ಎಲ್ಲರಿಗೂ ಹೇಳಿದೆ.

“ಹ್ಯಾಂಡ್‌ಬ್ರೇಕ್ ಬಿಡು!” ಸಬ್ರಿ ಪಕ್ಕದ ಸೀಟಿಗೆ ಹಾರಿದ. ಬದರಿಯಾ ಹಿಂದೆ ಕೂತಳು. ನಾನೂ ಕೂತೆ. ಗ್ಯಾರೇಜನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ?

ಚಕ್ರ ಕಿರುಚಿತು, ಬಿಟ್ಟಿತು. ಮಳೆನೀರು ಹರಿಯುತ್ತಿದ್ದ ಇಳಿಜಾರನ್ನು ಲಾಡಾ ಮುದುಕಿಯ ಹಾಗೆ ಬೈದುಕೊಳ್ಳುತ್ತ ಹತ್ತಿತು. ಮೇಲೆ ಫರ್ಗಲಿ ಬಾಯಿ ತೆರೆದು ನಿಂತಿದ್ದ. ಒಳಗೆ ಯಾರಿದ್ದಾರೆಂದು ನೋಡಿ ಇನ್ನೂ ಅಗಲ ತೆರೆದ. ಅಣ್ಣನ ಕಾರು ಪಕ್ಕದಲ್ಲಿ ಹಾದುಹೋಗುವಾಗ ಮಾತ್ರ ಅವನ ಕೈ ತಾನಾಗಿ ಅದರ ಬೆನ್ನನ್ನು ಸವರಿತು. ಅದೇ ಹೊತ್ತಿಗೆ ಅಸರ್ ಬಾಂಗ್ ಕೇಳಿಸಿತು.

ಕಡಲಂಚಿನ ರಸ್ತೆ ಬೂದುಬಣ್ಣವಾಗಿತ್ತು. ಅಲೆಗಳು ಗೋಡೆ ದಾಟಿ ಗಾಜಿಗೆ ಬಡಿಯುತ್ತಿದ್ದವು. ನಾನು ಕಣ್ಣು ಮುಚ್ಚಿಕೊಂಡೆ. ನಿದ್ದೆ ನಟಿಸುವುದರಲ್ಲಿ ನನ್ನನ್ನು ಮೀರಿಸುವವನು ಈಜಿಪ್ಟಿನಲ್ಲೇ ಇಲ್ಲ.

“ನಿನ್ನ ಕ್ಷಮೆ ಕೇಳೋಕೂ ನಂಗೆ ಬಾಯಿಲ್ಲ,” ಎಂದಳು ರಬಾಬ್.

“ಮೊದಲು ಗೇರು ಬದಲಾಯಿಸು. ಎಂಜಿನ್ ನರಳ್ತಾ ಇದೆ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಗೇರು ಬದಲಾಯಿಸಿದಳು. ಕಾರು ಕಡಲನ್ನು ಬಿಟ್ಟು ಒಳಬೀದಿಗೆ ತಿರುಗಿತು.

“ಎಲ್ಲಿಗೆ?”

“ಅಪ್ಪನ ಹತ್ರ. ಒಂದು ರಿಂಗಿನ ವಿಷಯ ನಾನೇ ಹೇಳಬೇಕು ಅವರಿಗೆ.”

ಖಬರಸ್ತಾನದ ಬಾಗಿಲಲ್ಲಿ ಕಾರು ನಿಂತಿತು. ಮಳೆ ಬೀಳುತ್ತಲೇ ಇತ್ತು. ಬದರಿಯಾ ಮೊದಲು ಇಳಿದು ಒಳಗೆ ನಡೆದಳು. ರಬಾಬ್ ಕೀಲಿಯ ಮೇಲೆ ಕೈಯಿಟ್ಟಳು.

“ಆರಿಸಬೇಡ,” ಎಂದ ಸಬ್ರಿ. “ಬ್ಯಾಟರಿ ತುಂಬಿಲ್ಲ. ನೀನು ಹೋಗಿ ಬಾ. ನಾನು ಇಲ್ಲೇ ಕೂತು ಇದನ್ನ ಉಸಿರಾಡಿಸ್ತಾ ಇರ್ತೀನಿ.”

“ಬೇಡ. ನೀನೂ ಬಾ. ಒಬ್ಬಳೇ ಅವರ ಮುಂದೆ ನಿಲ್ಲೋಕೆ ನಂಗಾಗಲ್ಲ.”

“ಮತ್ತೆ ಸ್ಟಾರ್ಟ್ ಆಗದಿದ್ರೆ?”

ಅವಳು ಅವನ ಒಡೆದ ಅಂಗೈಯನ್ನು ತನ್ನ ಎರಡೂ ಕೈಗಳೊಳಗೆ ತೆಗೆದುಕೊಂಡಳು. ಆಮೇಲೆ ಒಂದು ಕೈ ಬಿಡಿಸಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು.

“ನೂಕೋಣ,” ಎಂದಳು. “ಇಬ್ಬರಿದ್ದೀವಲ್ಲ.”