ಸಿರಾದಿಂದ ಎರಡು ತಂತಿ

ಮಧುಗಿರಿಯಲ್ಲಿ ತಂತಿ ಗುಮಾಸ್ತನಾಗಿದ್ದ ನಾಗಲಿಂಗಯ್ಯ, ಎದುರುಮನೆಯ ಹುಡುಗಿ ಸಿದ್ದಗಂಗಳನ್ನು ಮದುವೆಗೆ ಕೇಳಲು ಕೆಲಸ ಕಾಯಂ ಆಗಲೆಂದು ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದ. ಕುಲ ಕೂಡಿಬರುತ್ತಿತ್ತು. ಆದೇಶಕ್ಕೆ ಇನ್ನೊಂದೇ ತಿಂಗಳಿದೆ ಎನ್ನುವಾಗ ಅವಳ ಅಪ್ಪ ಪರ್ವತಯ್ಯ ಪಾವಗಡದ ಗಂಡು ಗೊತ್ತುಮಾಡಿಬಿಟ್ಟ. ಆ ಒಂದು ತಿಂಗಳನ್ನು ಕದಿಯಬೇಕೆಂದು ನಾಗಲಿಂಗಯ್ಯ ತೀರ್ಮಾನಿಸಿದ.

ಸಿರಾ, ಮಧುಗಿರಿ, ಪಾವಗಡ ಒಂದೇ ತಂತಿಯ ಮೇಲಿದ್ದವು. ಯಂತ್ರ ಕುಟ್ಟುವವನು ಯಾವ ಊರಿನ ಗುರುತು ಕೊಟ್ಟರೆ ಅವನು ಆ ಊರಿನವನೇ. ತನ್ನ ಊರಿಗೆ ಕರೆ ಬರದಿದ್ದರೆ ಯಾವ ಗುಮಾಸ್ತನೂ ಕಿವಿಗೊಡುವುದಿಲ್ಲ. ಲಗ್ನದ ಹಿಂದಿನ ದಿನ, ಶುಕ್ರವಾರ, ರಜೆ ಹಾಕಿ ಸಿರಾದ ಗುಮಾಸ್ತ ಅಬ್ದುಲ್ ರಶೀದನ ಬಳಿಗೆ ಹೋದ.

"ನಮಾಜಿಗೆ ಹೋಗ್ಬನ್ನಿ ಭಾಯ್, ನಾನು ನೋಡ್ಕೊಂಡಿರ್ತೀನಿ."

ಕುರ್ಚಿ ಬಿಟ್ಟು ಹೋದದ್ದನ್ನು ರಶೀದ್ ಎಂದೂ ಬಾಯಿಬಿಡಲಾರ. ಬಿಟ್ಟರೆ ಅವನ ನೌಕರಿಯೇ ಹೋಗುತ್ತದೆ. ಪಾವಗಡದ ಗುಮಾಸ್ತನ ಕೈಯ ತಡವರಿಕೆಯನ್ನೂ ಬಿಡದೆ ಅನುಕರಿಸಿ ನಾಗಲಿಂಗಯ್ಯ ಮಧುಗಿರಿಗೆ ಕುಟ್ಟಿದ: "ವರನಿಗೆ ಸಿಡುಬು. ಲಗ್ನ ಮುಂದಕ್ಕೆ. ಬರಬೇಡಿ." ಮಧುಗಿರಿಯ ಹೆಸರಿನಲ್ಲಿ ಪಾವಗಡಕ್ಕೆ ವಧುವಿನ ಸಿಡುಬಿನ ಸುದ್ದಿ ಹೋಯಿತು. ಅಮ್ಮ ಬಂದ ಮನೆಗೆ ಯಾರೂ ವಿಚಾರಿಸಲು ಹೋಗುವುದಿಲ್ಲ.

ಅನುಮಾನ ಬಾರದಿರಲೆಂದು ಶನಿವಾರವೂ ಹೊರಗೇ ಉಳಿದು ಭಾನುವಾರ ಊರಿಗೆ ಬಂದಾಗ ಎದುರುಮನೆಯ ಚಪ್ಪರ ಬಿಚ್ಚುತ್ತಿದ್ದರು. ಅರಿಶಿನ ಹಚ್ಚಿದ ಹುಡುಗಿ ತಾಳಿಯಿಲ್ಲದೆ ಚಪ್ಪರದಿಂದ ಏಳಬಾರದೆಂದು, ಅದೇ ಮುಹೂರ್ತಕ್ಕೆ, ಹೆಂಡತಿ ಸತ್ತಿದ್ದ ಸೋದರಮಾವ ಅಡವಯ್ಯನಿಗೆ ಕೊಟ್ಟುಬಿಟ್ಟಿದ್ದರು. ಅವನಿಗೆ ನಲವತ್ತು ದಾಟಿತ್ತು. ಇಷ್ಟೆಲ್ಲ ಬುದ್ಧಿ ಓಡಿಸಿದವನಿಗೆ ಮನೆಮನೆಯ ಪದ್ಧತಿಯೊಂದು ಹೊಳೆದಿರಲಿಲ್ಲ. ನಾಗಲಿಂಗಯ್ಯ ಬಾಗಿಲು ಹಾಕಿಕೊಂಡು ಬಿಕ್ಕಿಬಿಕ್ಕಿ ಅತ್ತ.

ಗಂಡಿನ ಕಡೆಯವರ ದೂರಿನ ಮೇಲೆ ತನಿಖಾಧಿಕಾರಿ ಬಂದರು. ತಂತಿ ಕಳಿಸಿದ ದಾಖಲೆ ಎರಡೂ ಊರಿನಲ್ಲಿ ಇರಲಿಲ್ಲ. ಯಂತ್ರ ಬಲ್ಲವರ ಪಟ್ಟಿ ಮಾಡಿ ಒಬ್ಬೊಬ್ಬರನ್ನೇ ಕೆದಕಿದರು. ರಶೀದ್, ಎಣಿಸಿದ್ದಂತೆಯೇ, ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ ಎಂದ. ಕೊನೆಗೆ ನಾಗಲಿಂಗಯ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ಪರ್ವತಯ್ಯನನ್ನು ಕರೆಸಿ, ಅವತ್ತು ಇವನು ಊರಿನಲ್ಲಿದ್ದನೇ ಎಂದು ಕೇಳಿದರು.

"ಇರ್ನಿಲ್ಲ ಸಾಮಿ," ಎಂದ ಪರ್ವತಯ್ಯ. "ತಂತಿ ಬಂದೇಟ್ಗೆ ನಾವು ಮೊದ್ಲು ಓಡಿದ್ದೇ ಇವ್ನ ಮನೆಗೆ. ಎದುರುಮನೆ ನಾಗಲಿಂಗನ್ನ ಕರ್ಕೊಂಬನ್ನಿ, ಅವ್ನಾದ್ರೆ ತಾಳಿ ಕಟ್ಟುಸ್ಕೋತೀನಿ ಅಂತ ನನ್ ಮಗ್ಳೇ ಬಾಯ್ಬುಟ್ಟು ಅಂದ್ಲು. ಮುಹೂರ್ತದ ಗಂಟ ಕಾದೋ. ಬಾಗ್ಲಿಗೆ ಬೀಗ ಇತ್ತು." ಅಧಿಕಾರಿ ಅದನ್ನು ಬರೆದುಕೊಂಡರು. ಹುಡುಗಿಗಾಗಿ ಲಗ್ನ ಕೆಡಿಸಿದವನಾದರೆ ಮುಹೂರ್ತಕ್ಕೆ ಮನೆಯಲ್ಲೇ ಕಾದಿರುತ್ತಿದ್ದ ಎಂದುಕೊಂಡು, ಪಟ್ಟಿಯಲ್ಲಿದ್ದ ನಾಗಲಿಂಗಯ್ಯನ ಹೆಸರು ಹೊಡೆದುಹಾಕಿ, ನೀವಿನ್ನು ಹೋಗಬಹುದು ಎಂದು ಅವನಿಗೆ ಹೇಳಿದರು.